ಸಿದ್ದರಾಜು ಶ್ರುತಿ ಬಿಟ್ಟ ಹೊತ್ತು

ಆ ಬೆಳಿಗ್ಗೆ ಐಸಿಯುವಿನ ಐದನೇ ಹಾಸಿಗೆಯ ಬಳಿ ಇದ್ದವರು ಡಾಕ್ಟರು ಮತ್ತು ನಾನು. ಹಾಸಿಗೆಯಲ್ಲಿ ಕೆಸರೆಯ ಓಲಗದ ಮಾದಯ್ಯನವರು, ಬಾಯಲ್ಲಿ ಉಸಿರಿನ ನಳಿಕೆ. ಗಾಜಿನ ಬಾಗಿಲಾಚೆ ಬೆಂಚಿನ ಮೇಲೆ ಅವರ ತಮ್ಮ ಸಿದ್ದರಾಜು. ಒಡಹುಟ್ಟಿದವರ ಉಸಿರಿಗೆ ಗಂಟು ಬಿದ್ದಿರುತ್ತದೆ ಎಂದು ನಮ್ಮಜ್ಜಿ ಹೇಳಿದಾಗಲೆಲ್ಲ, ‘ನನ್ನ ತಮ್ಮನ ಗೊರಕೆಗೆ ನನ್ನ ನಿದ್ದೆ ಕೆಡುತ್ತದಲ್ಲ, ಅದೇ ಗಂಟು’ ಎಂದು ನಗುತ್ತಿದ್ದವಳು ನಾನು. ಇಪ್ಪತ್ತು ವರ್ಷ ನರ್ಸಾಗಿ ದುಡಿದ ಮೇಲಂತೂ ಯಂತ್ರ ತೋರಿಸಿದ್ದನ್ನೇ ನಂಬುತ್ತಿದ್ದೆ.

ಅಣ್ಣ ನಾಗಸ್ವರ ನುಡಿಸಿದರೆ ತಮ್ಮ ಜೊತೆಗೆ ಶ್ರುತಿ ಊದುವುದು, ನಲವತ್ತು ವರ್ಷದಿಂದ ಹೀಗೇ. ಈಗ ಎಲ್ಲರೂ ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿ ಸುಮ್ಮನಾಗುತ್ತಾರೆ. ಇವರು ಶ್ರುತಿ ಊದುವ ಕೊಳವೆ ಬಿಟ್ಟಿರಲಿಲ್ಲ. ಅವರಲ್ಲಿ ಒಂದು ಕಟ್ಟಳೆ ಇತ್ತಂತೆ: ಇಬ್ಬರೂ ಒಟ್ಟಿಗೆ ಉಸಿರೆಳೆಯಬಾರದು. ಒಬ್ಬ ಎಳೆದುಕೊಳ್ಳುವಾಗ ಇನ್ನೊಬ್ಬ ತಾನು ಎಳೆಯದೆ ತಡೆಯಬೇಕು. ಇಲ್ಲದಿದ್ದರೆ ಮಂಗಳವಾದ್ಯ ನಡುವೆ ಕಡಿದುಹೋಗುತ್ತದೆ.

ಶ್ವಾಸಕೋಶದ ಸೋಂಕಿನಿಂದ ಮಾದಯ್ಯನವರು ಒಂಬತ್ತು ದಿನ ಯಂತ್ರದ ಉಸಿರಿನಲ್ಲಿದ್ದರು. ಅಂದು ಆ ಆಸರೆ ತಗ್ಗಿಸಿ ಅರ್ಧ ಗಂಟೆ ನೋಡಬೇಕಿತ್ತು. ಉಸಿರು ಸಮನಾಗಿದ್ದರೆ ನಳಿಕೆ ತೆಗೆಯುವುದು, ಇಲ್ಲದಿದ್ದರೆ ಕತ್ತಿನಲ್ಲಿ ತೂತು ಮಾಡುವುದು. ಅದನ್ನು ಆಮೇಲೆ ಮುಚ್ಚಬಹುದೆಂದರೂ ಸಿದ್ದರಾಜುಗೆ ಸಮಾಧಾನವಿಲ್ಲ. ‘ಗಾಳಿ ಕತ್ತಲ್ಲೇ ಓಗ್ಬುಟ್ರೆ ಅಣ್ಣ ಇನ್ನೇನ್ ಊದಾನು?’ ಎಂದು ಕೇಳಿದ್ದರು.

ನಾವು ಬಿಡುವ ಉಸಿರಿನ ಇಂಗಾಲಾಮ್ಲವನ್ನು ಮಾನಿಟರು ಸಾಲು ಗುಡ್ಡಗಳಂತೆ ಬರೆಯುತ್ತದೆ. ಮೊದಲು ಆ ಗುಡ್ಡಗಳನ್ನು ನಾವೇ ನೋಡಿ ಹೇಳುತ್ತಿದ್ದೆವು. ಹೊಸ ಯಂತ್ರ ತಾನೇ ಓದಿ, ಇದು ಸರಿ, ಇಲ್ಲಿ ಅಡ್ಡಿ, ಇಲ್ಲಿ ಉಸಿರು ನಿಂತಿದೆ ಎಂದು ಒಂದೊಂದಕ್ಕೂ ಷರಾ ಹಾಕುತ್ತದೆ. ಅಂದು ಎರಡು ಗುಡ್ಡ ಸರಿ, ಮೂರನೆಯದರ ಜಾಗದಲ್ಲಿ ಬರೀ ಬಯಲು. ‘ಉಸಿರು ನಿಂತಿದೆ.’ ಮತ್ತೆ ಎರಡು, ಮತ್ತೆ ಬಯಲು. ಮಾನಿಟರಿನ ಕೊಳವೆಯಲ್ಲಿ ನೀರು ನಿಂತಿರಬೇಕೆಂದು ಅದನ್ನು ಬದಲಾಯಿಸಿದೆ. ಹಾಗೇ ಬಂತು. ಡಾಕ್ಟರು, ‘ಇನ್ನು ಹತ್ತು ನಿಮಿಷ ನೋಡೋಣ ಸಿಸ್ಟರ್, ಆಮೇಲೆ ಕತ್ತಿನ ಆಪರೇಷನ್ನಿಗೆ ಸಹಿ ಹಾಕಿಸಿಕೊಳ್ಳಿ’ ಎಂದರು.

ಸಹಿ ಹಾಕಬೇಕಾದವರು ಎಲ್ಲಿ ಎಂದು ಗಾಜಿನಾಚೆ ನೋಡಿದೆ. ಸಿದ್ದರಾಜು ಕಣ್ಣು ಮುಚ್ಚಿ ಕೂತಿದ್ದರು. ಕೈಯಲ್ಲಿ ಏನೂ ಇಲ್ಲ, ಆದರೆ ಕೆನ್ನೆ ಉಬ್ಬಿತ್ತು. ಒಮ್ಮೆ ಮೂಗಿನಿಂದ ನಿಧಾನವಾಗಿ, ಉದ್ದಕ್ಕೆ ಉಸಿರೆಳೆದರು. ನಾನು ತಿರುಗಿದೆ. ತೆರೆಯ ಮೇಲೆ ಬಯಲು. ಅವರು ಊದಲು ಶುರುಮಾಡಿದರು, ಗುಡ್ಡ ಎದ್ದಿತು. ಏಳು ಸಲ ಎಣಿಸಿದೆ, ಒಂದೂ ತಪ್ಪಲಿಲ್ಲ. ಮಾನಿಟರಿನ ಬೆನ್ನು ಅವರ ಕಡೆಗಿತ್ತು. ಮಾದಯ್ಯನವರಿಗೆ ಇನ್ನೂ ಮಂಪರು.

ನಾನು ಹೊರಗೆ ಹೋಗಿ ಪಕ್ಕದಲ್ಲಿ ಕೂತೆ.

‘ಏನ್ ಮಾಡ್ತಿದ್ದೀರ ಸಿದ್ದರಾಜಣ್ಣ?’

‘ಏನಿಲ್ಲ ಕಣಮ್ಮ. ಅಣ್ಣ ಒಳಗೆ ಒಬ್ನೇ ಅವ್ನೆ. ಶ್ರುತಿ ಇಡ್ಕೊಂಡಿವ್ನಿ.’

‘ಸ್ವಲ್ಪ ಹೊತ್ತು ಬಿಡಿ. ಅವರೊಬ್ಬರೇ ಊದಲಿ.’

‘ಶ್ರುತಿ ಇಲ್ದೆ ಊದುದ್ರೆ ಜನ ನಗ್ತಾರೆ ಕಣಮ್ಮ.’

‘ಒಳಗೆ ನಗೋರು ಯಾರೂ ಇಲ್ಲ. ಡಾಕ್ಟರಂತೂ ನಕ್ಕಿದ್ದನ್ನ ನಾನು ನೋಡೇ ಇಲ್ಲ.’

ಅವರು ನನ್ನ ಮುಖವನ್ನೇ ನೋಡಿದರು. ಕೆನ್ನೆ ಮೆಲ್ಲಗೆ ಇಳಿಯಿತು. ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಎಲ್ಲರ ಹಾಗೆ ಬಿಕ್ಕಿಬಿಕ್ಕಿ ಉಸಿರಾಡುತ್ತ ಅತ್ತರು. ನಾನು ಬೆನ್ನು ಸವರುತ್ತ ಕೂತೆ. ಒಳಗೆ ಹೋದಾಗ ತೆರೆಯ ತುಂಬ ಸಮನಾದ ಗುಡ್ಡಗಳು, ಎಲ್ಲಕ್ಕೂ ‘ಸರಿ’ ಎಂಬ ಷರಾ. ಮಧ್ಯಾಹ್ನ ನಳಿಕೆ ತೆಗೆದರು.

ಮಂಪರು ಇಳಿದು ಉಸಿರು ತಾನಾಗಿ ಸರಿಹೋಗಿದೆ ಎಂದರು ಡಾಕ್ಟರು. ಇರಬಹುದು. ಆದರೆ ಆ ಏಳು ಸಲದ ಲೆಕ್ಕ ನನಗೆ ಇಂದಿಗೂ ಹೊಂದಿಲ್ಲ.

ಎಂಟು ತಿಂಗಳ ಮೇಲೆ ಮೇಟಗಳ್ಳಿಯ ಒಂದು ಮದುವೆಗೆ ಹೋಗಿದ್ದೆ. ಅಣ್ಣತಮ್ಮಂದಿರದೇ ಓಲಗ. ನಡುವೆ ಸಿದ್ದರಾಜುಗೆ ಕೆಮ್ಮು ಹತ್ತಿ ಶ್ರುತಿ ನಿಂತುಹೋಯಿತು. ಅಷ್ಟರಲ್ಲಿ ಪುರೋಹಿತರು ‘ಗಟ್ಟಿಮೇಳ’ ಎಂದು ಕೂಗಿದರು. ಮಾದಯ್ಯನವರು ನಾಗಸ್ವರವನ್ನು ತೊಡೆಯ ಮೇಲೆ ಇಳಿಸಿ, ತಮ್ಮನ ಬೆನ್ನ ಮೇಲೆ ಕೈ ಇಟ್ಟರು. ಪುರೋಹಿತರು ಮತ್ತೆ ಕೂಗಿದರು. ತಾಳಿ ಹಿಡಿದ ಮದುಮಗ ಹಾಗೇ ನಿಂತಿದ್ದ. ತಮ್ಮ ಕೆಮ್ಮಿ ಮುಗಿಸಿ, ಉಸಿರೆಳೆದು, ಕೊಳವೆಯನ್ನು ತುಟಿಗಿಡುವವರೆಗೂ ಅಣ್ಣ ಊದಲಿಲ್ಲ.