ಎಣಿಸಬಾರದ ಮಗ

ಬೆಳಗಿನ ಚಹಾದ ಜೊತೆ ಪತ್ರಿಕೆ ಓದುವುದು ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಒಂದೇ ವ್ಯಸನ. ಕಣ್ಣು ಮಂಜಾಗಿರುವುದರಿಂದ ದೊಡ್ಡ ಅಕ್ಷರದ್ದನ್ನು ಓದುತ್ತೇನೆ, ಸಣ್ಣ ಅಕ್ಷರದ್ದನ್ನು ಊಹಿಸುತ್ತೇನೆ. ಎಷ್ಟೋ ಸಲ ನನ್ನ ಊಹೆಯೇ ಸುದ್ದಿಗಿಂತ ಚೆನ್ನಾಗಿರುತ್ತದೆ. ಇವತ್ತು ಒಳಪುಟದಲ್ಲಿ ಒಂದು ದುಂಡನೆಯ ಚಿತ್ರವಿತ್ತು. ಜೋಳದ ರೊಟ್ಟಿಯನ್ನು ಹರಿದು ಮನೆಮಂದಿಗೆಲ್ಲ ಹಂಚಿದ ಹಾಗೆ, ಒಂದೊಂದು ತುಂಡಿಗೆ ಒಂದೊಂದು ಬಣ್ಣ. ನಿಮ್ಮ ಬದುಕಿನಲ್ಲಿ ಧರ್ಮ ಎಷ್ಟು ಮುಖ್ಯ ಎಂದು ಯಾರೋ ಊರೂರು ತಿರುಗಿ ಕೇಳಿದ್ದಾರಂತೆ. ಬಹಳ ಮುಖ್ಯ ಎಂದವರು ಇಷ್ಟು, ಸ್ವಲ್ಪ ಎಂದವರು ಇಷ್ಟು, ಮುಖ್ಯವಲ್ಲ ಎಂದವರು ಇಷ್ಟು. ತೆಳ್ಳಗಿನ ಒಂದು ಚೂರು ಮಾತ್ರ ಗೊತ್ತಿಲ್ಲ ಎಂದವರದು.

ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಯೋಚಿಸಿದೆ. ಸ್ನಾನವಾದ ಮೇಲೆ ಕೇಳಿದರೆ ಒಂದು, ಮಂಡಿನೋವು ಏರಿದಾಗ ಕೇಳಿದರೆ ಇನ್ನೊಂದು. ನೀವೂ ಹಾಗೆಯೇ ಇರಬೇಕು. ಇದ್ದರೆ ಒಪ್ಪಿಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ. ಆದರೆ ಆ ಚಿತ್ರವನ್ನು ನೋಡುತ್ತ ಕೂತವಳಿಗೆ ಬನಹಟ್ಟಿಯ ಗಂಗವ್ವ ನೆನಪಾಗಿ, ನಗು ಇಳಿದುಹೋಯಿತು. ಅವಳನ್ನು ಯಾವ ತುಂಡಿನಲ್ಲಿ ಕೂಡಿಸುತ್ತಾರೆ ಇವರು?

ಆಗ ನಾವಿನ್ನೂ ಮುಂಬಯಿ ರಾಜ್ಯದವರು. ಜಮಖಂಡಿಯ ಸಂಸ್ಥಾನ ಹೋಗಿ ಬಹಳ ದಿನವಾಗಿರಲಿಲ್ಲ. ನನ್ನ ತವರು ಜಮಖಂಡಿ. ದೇವರ ಮುಂದೆ ಸಂಸ್ಕೃತ, ಅಡಿಗೆಮನೆಯಲ್ಲಿ ಕನ್ನಡ, ಜಗಳಕ್ಕೆ ಮರಾಠಿ ಎಂದು ಭಾಷೆಗಳನ್ನು ಹಂಚಿಕೊಂಡಿದ್ದ ಮನೆ. ಲಗ್ನವಾಗಿ ಬನಹಟ್ಟಿಗೆ ಬಂದೆ. ನಮ್ಮವರು ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. ನಾವು ಬಾಡಿಗೆಗೆ ಹಿಡಿದದ್ದು ನೇಕಾರರ ಓಣಿಯಲ್ಲಿ. ಮೊದಲ ತಿಂಗಳು ಮಗ್ಗದ ಸದ್ದಿಗೆ ತಲೆ ನೋಯುತ್ತಿತ್ತು. ಆಮೇಲೆ ಅಮಾವಾಸ್ಯೆಯ ದಿನ ಮಗ್ಗ ನಿಂತರೆ ತಲೆ ನೋಯತೊಡಗಿತು.

ಗೋಡೆಗೆ ಗೋಡೆ ಹತ್ತಿದ ಮನೆ ಶಿವಪ್ಪ, ಗಂಗವ್ವ ದಂಪತಿಯದು. ಅವನು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ, ಅವಳು ಪಕ್ಕದಲ್ಲಿ ಕೂತು ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಲಿಂಗ ಕಟ್ಟಿದ ಮನೆತನ. ಮಗನ ಹೆಸರು ಮಾತ್ರ ಹುಸೇನಪ್ಪ. ನಮ್ಮ ಕಡೆ ಇದು ಹೊಸದಲ್ಲ, ಆದರೂ ನಾನು ಹೊಸ ಸೊಸೆಯ ಕುತೂಹಲದಿಂದ ಕೇಳಿದ್ದೆ. ಗಂಗವ್ವನಿಗೆ ಹುಟ್ಟಿದ ಮಕ್ಕಳೆಲ್ಲ ತೊಟ್ಟಿಲು ದಾಟುವ ಮುಂಚೆಯೇ ಹೋಗುತ್ತಿದ್ದವಂತೆ. ಕೊನೆಗೆ ಮೊಹರಂ ದೇವರಿಗೆ ಹರಕೆ ಹೊತ್ತಳು. ಹುಡುಗ ಹುಟ್ಟಿದೊಡನೆ ಮೊರದಲ್ಲಿ ಮಲಗಿಸಿ, ದರ್ಗಾ ನೋಡಿಕೊಳ್ಳುವ ಮುಜಾವರನ ಹೆಂಡತಿ ಅಮೀನಾಬಿಯ ಉಡಿಗೆ ಹಾಕಿದಳು. ಅಮೀನಾಬಿ ಕೂಸಿಗೆ ತನ್ನ ಹಾಲು ಕುಡಿಸಿ, ಹೆಸರಿಟ್ಟು, ಒಂದು ಸೇರು ಜೋಳಕ್ಕೆ ಗಂಗವ್ವನಿಗೇ ತಿರುಗಿ ಮಾರಿದಳು. ಅಂದಿನಿಂದ ಅವನು ಅಮೀನಾಬಿಯ ಮಗ, ಗಂಗವ್ವ ಬರೀ ಸಾಕಿದವಳು. ಸಾವು ಹುಡುಕಿಕೊಂಡು ಬಂದರೆ ಗಂಗವ್ವನ ಮನೆಯಲ್ಲಿ ಗಂಗವ್ವನ ಮಗ ಸಿಗಬಾರದು, ಅಷ್ಟೆ. ವರ್ಷಕ್ಕೊಮ್ಮೆ ಮೊಹರಮ್ಮಿಗೆ ಹುಡುಗ ಕೊರಳಿಗೆ ಕೆಂಪು ದಾರ ಹಾಕಿಕೊಂಡು ಫಕೀರನಾಗಿ ನಮ್ಮ ಬಾಗಿಲಿಗೂ ಬೇಡಲು ಬರುತ್ತಿದ್ದ. ನಾನು ಸಕ್ಕರೆ ಹಾಕಿದರೆ ಅಲ್ಲೇ ನಿಂತು ತಿಂದು, ಬರಿ ಜೋಳಿಗೆ ಹಿಡಿದುಕೊಂಡು ತಾಯಿಯ ಹತ್ತಿರ ಬೈಸಿಕೊಳ್ಳುತ್ತಿದ್ದ.

ಆ ವರ್ಷ ಜನಗಣತಿ ಬಂತು. ಮಾಸ್ತರರೆಲ್ಲ ಎಣಿಸಲು ಹೋಗಬೇಕು ಎಂದು ಹುಕುಂ ಆಯಿತು. ಉಳಿದವರು ಗೊಣಗಿದರು, ನಮ್ಮವರಿಗೆ ಮಾತ್ರ ಮದುವೆಯ ದಿನವೂ ಇಲ್ಲದಷ್ಟು ಉತ್ಸಾಹ. ನಮ್ಮವರು ದೇವರು ದಿಂಡರು ಎಂದು ನಂಬುವವರಲ್ಲ. ಜನಿವಾರ ಬೆನ್ನು ತುರಿಸಲು ಅನುಕೂಲವೆಂದು ಇಟ್ಟುಕೊಂಡಿದ್ದೇನೆ ಎಂದು ನನ್ನ ತಂದೆಯ ಎದುರಿಗೇ ಹೇಳಿದವರು. ಹೊಸ ದೇಶ ಕಟ್ಟಬೇಕಾದರೆ ಮೊದಲು ಖರೆ ಲೆಕ್ಕ ಬೇಕು ಎಂದು ನನಗೆ ರಾತ್ರಿ ಊಟಕ್ಕೆ ಬಡಿಸುವಾಗಲೂ ಪಾಠ. ಒಬ್ಬರೂ ಬಿಡಬಾರದು, ಒಬ್ಬರೂ ಎರಡು ಸಲ ಬರಬಾರದು. ಅದು ಅವರಿಗೆ ಮಂತ್ರವೇ ಆಗಿತ್ತು, ಮಂತ್ರ ಎಂದರೆ ಸಿಟ್ಟಾಗುತ್ತಿದ್ದರು.

ಓಣಿಯ ಹೆಂಗಸರು ಮಾಸ್ತರರ ಮುಂದೆ ಬಾಯಿ ಬಿಡುವುದಿಲ್ಲವೆಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಗಂಗವ್ವನ ಮನೆಯಲ್ಲಿ ಎಲ್ಲ ಸರಳವಾಗಿ ಸಾಗಿತು, ಮಕ್ಕಳ ಪ್ರಶ್ನೆ ಬರುವ ತನಕ.

"ಇಲ್ಲರೀ," ಎಂದಳು ಗಂಗವ್ವ.

ಹುಸೇನಪ್ಪ ಎದುರಿಗೇ ಕೂತು ಬೆಲ್ಲ ಚೀಪುತ್ತಿದ್ದ.

"ಮತ್ತ ಇಂವ ಯಾರು?"

"ಅಂವ ಅಮೀನಾಬೀ ಮಗರೀ. ನಾವು ಸಾಕಾಕತ್ತೇವಿ."

"ಹಂಗಾದರ ಇವನ ಧರ್ಮ ಮುಸಲ್ಮಾನ ಅಂತ ಬರೀಲೇನು?"

ಗಂಗವ್ವ ಹುಡುಗನ ಅಂಗಿ ಸರಿಸಿ ತೋರಿಸಿದಳು. "ಕೊಳ್ಳಾಗ ಲಿಂಗ ಐತಲ್ರೀ ಮಾಸ್ತರ."

ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ಶಿವಪ್ಪ ಮಗ್ಗ ನಿಲ್ಲಿಸಿ, "ಆಕಿ ಹೇಳಿದ್ದ ಬರಕೋರಿ. ನಿಮಗೇನ ಕಷ್ಟ ಐತ್ರಿ?" ಎಂದ. ನಮ್ಮವರು ತಲೆಯಾಡಿಸಿ ಎದ್ದರು. ಮಧ್ಯಾಹ್ನ ಮುಜಾವರನ ಮನೆಗೆ ಹೋದಾಗ ಅಮೀನಾಬಿ ತನ್ನ ಮಕ್ಕಳನ್ನೆಲ್ಲ ಹೇಳಿ, ಕೊನೆಗೆ ಬಹಳ ಸಹಜವಾಗಿ ಸೇರಿಸಿದಳು: "ಮತ್ತ ಒಂದು ಗಂಗವ್ವನ ಮನ್ಯಾಗ ಐತ್ರಿ." ಅವಳು ಸುಳ್ಳು ಹೇಳುತ್ತಿರಲಿಲ್ಲ. ಹಾಲು ಕೊಟ್ಟವಳು ಅವಳು, ಕೇಳಿದವರು ಸರಕಾರದವರು, ಇದ್ದದ್ದನ್ನು ಹೇಳಿದಳು.

ನಮ್ಮವರಿಗೆ ಪೇಚಾಟ. ಇಬ್ಬರೂ ಹೇಳಿದಂತೆಯೇ ಬರೆದರೆ ಹುಡುಗ ಇಲ್ಲಿ ಇಲ್ಲದೆ ಅಲ್ಲಿ ಇರುತ್ತಾನೆ. ಲಿಂಗ ಕಟ್ಟಿದ ಹುಡುಗ ಮುಸಲ್ಮಾನರ ಲೆಕ್ಕದಲ್ಲಿ. ಅದು ಖರೆಯಲ್ಲ. ಆ ಸಂಜೆ ತಾವು ಕಂಡದ್ದನ್ನೇ ಬರೆದರು: ಶಿವಪ್ಪನ ಮಗ, ಗಂಗವ್ವನ ಮಗ, ಹಿಂದೂ. ಬರೆದು ಸುಮ್ಮನಿರಬಹುದಿತ್ತು. ಆದರೆ ಯಾರ ಬೆನ್ನ ಹಿಂದೆಯೂ ಏನೂ ಮಾಡಬಾರದು ಎಂಬುದು ಅವರ ಇನ್ನೊಂದು ಮಂತ್ರ. ಮರುದಿನ ಕಟ್ಟೆಯ ಮೇಲೆ ಕೂತಿದ್ದ ಗಂಗವ್ವನಿಗೆ ತಾವೇ ಹೇಳಿದರು.

ಅವಳು ಎದ್ದು ನಿಂತಳು.

"ಬರದದ್ದನ್ನ ಹೊಡದ ಹಾಕ್ರೀ ಮಾಸ್ತರ. ನಿಮ್ಮ ಕಾಲ ಬೀಳ್ತೇನಿ. ಯಾರ ಹೆಸರಿಗರೆ ಬರೀರಿ, ನನ್ನ ಹೆಸರಿಗೆ ಬ್ಯಾಡ್ರಿ."

"ಏನೂ ಆಗೂದಿಲ್ಲ ಗಂಗವ್ವಾ. ಇದು ಬರೇ ಕಾಗದ ಅದ."

"ನಿಮಗ ಕಾಗದರೀ," ಎಂದಳು ಅವಳು. ಒಳಗೆ ಹೋಗಿ ಹುಡುಗನನ್ನು ಎತ್ತಿಕೊಂಡು ದರ್ಗಾದ ಕಡೆಗೆ ನಡೆದಳು.

ಬೇಸಿಗೆಯ ಕೊನೆಗೆ ಓಣಿಯಲ್ಲಿ ಗಂಟಲಮಾರಿ ಬಂತು. ಮಕ್ಕಳಿಗೆ ಮೊದಲು ಜ್ವರ, ಆಮೇಲೆ ಗಂಟಲು ಕಟ್ಟಿ ಉಸಿರು ಸಿಕ್ಕಿಕೊಳ್ಳುವುದು. ಹುಸೇನಪ್ಪನಿಗೆ ಜ್ವರ ಬಂದ ಸುದ್ದಿ ತಿಳಿದದ್ದೇ ನಮ್ಮವರು ಗಾಡಿ ಕಟ್ಟಿಸಿ, ತಾವೇ ಹುಡುಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಮಖಂಡಿಯ ಡಾಕ್ಟರರ ಬಳಿಗೆ ಹೊರಟರು. ದಾರಿಯ ಅರ್ಧದಲ್ಲೇ ಗಾಡಿ ತಿರುಗಿ ಬಂತು. ನಮ್ಮವರು ಇಳಿದಾಗ ಹುಡುಗ ಇನ್ನೂ ಅವರ ತೋಳಿನಲ್ಲೇ ಇದ್ದ. ಅಂಗಳದಲ್ಲಿ ಅಮೀನಾಬಿಯೂ ಗಂಗವ್ವನೂ ಅಕ್ಕಪಕ್ಕ ಕೂತಿದ್ದರು; ಯಾರ ಮಡಿಲಿಗೆ ಹಾಕಬೇಕೆಂದು ತಿಳಿಯದೆ ನಮ್ಮವರು ನಿಂತೇ ಇದ್ದರು. ಕೊನೆಗೆ ಅಮೀನಾಬಿಯೇ, "ಆಕೀಗೆ ಕೊಡ್ರಿ. ಹಡದಾಕಿ ಆಕಿ," ಎಂದಳು. ಅಷ್ಟು ವರ್ಷ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಸಾವು ಬಂದು ಹೋದ ಮೇಲೆ ಅವತ್ತು ಆಡಿದರೆ ತಪ್ಪಿರಲಿಲ್ಲ.

ಹದಿಮೂರನೆಯ ದಿನವೋ ಏನೋ, ದಿನಗಳ ಲೆಕ್ಕ ನನಗೆ ನೆನಪಿಲ್ಲ, ಗಂಗವ್ವ ನಮ್ಮ ಬಾಗಿಲಿಗೆ ಬಂದಳು. ಬೈಯಲು ಬಂದಿದ್ದರೆ ಚೆನ್ನಾಗಿತ್ತು.

"ಮಾಸ್ತರ, ಆ ಕಾಗದ ಎಲ್ಲಿ ಐತ್ರಿ ಈಗ?"

"ವಿಜಾಪುರಕ್ಕ ಹೋಗ್ಯದ. ಅಲ್ಲಿಂದ ಮುಂದ ಹೋಗ್ತದ."

"ಅದರಾಗ ನನ್ನ ಮಗ ಇನ್ನ ಅದಾನೇನ್ರಿ?"

ನಮ್ಮವರು ಹೇಳಿದರು, "ಇದ್ದಾನ. ಎಣಿಸಿದ ದಿನ ಇದ್ದವರು ಅದರಾಗ ಇರ್ತಾರ."

"ಸರಕಾರದಾಗ ಅದಾನ, ನನ್ನ ಮನ್ಯಾಗ ಇಲ್ಲ," ಎಂದಳು. "ಆತು ಬಿಡ್ರಿ."

ಆಮೇಲೆ ಅವಳು ನಮ್ಮೊಡನೆ ಮಾತು ಬಿಡಲಿಲ್ಲ. ಎಂದಿನಂತೆ ಮಜ್ಜಿಗೆ ಕೊಡುತ್ತಿದ್ದಳು, ನನ್ನ ತವರಿನ ಸುದ್ದಿ ಕೇಳುತ್ತಿದ್ದಳು. ನನ್ನ ಹಿರಿಯ ಮಗ ಹುಟ್ಟಿದ ಮೇಲೆ ಮಾತ್ರ, ನಾನು ಕೂಸನ್ನೆತ್ತಿಕೊಂಡು ಹೊರಗೆ ಬಂದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಹೊಟ್ಟೆಕಿಚ್ಚಿರಬೇಕೆಂದು ನಾನು ಮೊದಮೊದಲು ತಿಳಿದಿದ್ದೆ. ತನ್ನ ಕಣ್ಣು ನನ್ನ ಕೂಸಿಗೆ ತಾಗಬಾರದೆಂದು ಹಾಗೆ ಮಾಡುತ್ತಿದ್ದಾಳೆಂದು ಆಮೇಲೆ ಅಮೀನಾಬಿ ಹೇಳಿದಳು. ಮಗ ಹೋದದ್ದು ತನ್ನಿಂದಲೇ ಎಂದು ಗಂಗವ್ವ ನಂಬಿದ್ದಳು. ಮೊದಲು ಅಷ್ಟು ಗಟ್ಟಿಯಾಗಿ ನಂಬಿದ್ದಳೋ ಇಲ್ಲವೋ. ಈಗ ನಂಬಿಕೆ ಅವಳನ್ನು ಬಿಡುವಂತಿರಲಿಲ್ಲ. ಧರ್ಮ ನಿಮಗೆ ಎಷ್ಟು ಮುಖ್ಯ ಎಂದು ಕೇಳಿ ಬರೆದುಕೊಳ್ಳುವವರು ಇಂಥವರಿಗೆ ಯಾವ ಬಣ್ಣ ಹಚ್ಚುತ್ತಾರೆ? ಬಹಳ ಮುಖ್ಯ ಎಂದೇ ಬರೆಯುತ್ತಾರೆ. ಅದೂ ಖರೆಯೇ.

ನಮ್ಮವರು ಮಾತ್ರ ನನ್ನೊಡನೆ ವಾದಿಸುತ್ತಲೇ ಇದ್ದರು. ನಾನು ಏನೂ ಅಂದಿರದಿದ್ದರೂ. "ಎಣಿಕಿ ಆದಮ್ಯಾಲೆ ಹುಟ್ಟಿದ ಒಂದ ಕೂಸೂ ಅದೇ ಓಣ್ಯಾಗ ಗಂಟಲಮಾರಿಗೆ ಹೋತು. ಅದನ್ನ ಯಾರು ಎಣಿಸಿದ್ದರು, ಹೇಳು?" ಊಟಕ್ಕೆ ಕೂತಾಗ, ದೀಪ ಆರಿಸುವಾಗ, ಅದೇ ಮಾತು. ವಾದ ಸರಿಯಾಗಿತ್ತು. ಅಷ್ಟು ಸರಿಯಾದ ಮಾತನ್ನು ಅಷ್ಟು ಸಲ ಹೇಳುವ ಅಗತ್ಯ ಏನಿತ್ತೋ. ಒಂದು ದಿನ ನಿಲ್ಲಿಸಿದರು. ವರ್ಗ ಮಾಡಿಸಿಕೊಂಡು ಮುಧೋಳಕ್ಕೆ ಬಂದೆವು.

ಮುಂದಿನ ಜನಗಣತಿ ಬರುವಷ್ಟರಲ್ಲಿ ನಾವು ಮುಧೋಳದ ಮನೆ ಬದಲಿಸದೆಯೇ, ಮುಂಬಯಿಯವರಾಗಿದ್ದವರು ಮೈಸೂರು ರಾಜ್ಯದವರಾಗಿದ್ದೆವು. ಎಣಿಸಲು ಬಂದವನು ನಮ್ಮವರ ಕೈಯಲ್ಲೇ ಕಲಿತವನು. ಕಟ್ಟೆಯ ಮೇಲೆ ಕೂತು ವಿನಯದಿಂದ ಒಂದೊಂದಾಗಿ ಕೇಳಿದ. ಧರ್ಮ ಕೇಳಿದಾಗ ನಮ್ಮವರು ಎಂದಿನಂತೆ, "ಬರಿ ಏನರೆ, ನಾ ಗುಡಿಗೆ ಹೋಗಾಂವಲ್ಲ," ಎಂದು ನಗಿಸಿದರು.

"ಮಕ್ಕಳ ಎಷ್ಟ್ರಿ ಸರ್?"

"ಎರಡು," ಎಂದರು ನಮ್ಮವರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಮೂರನೆಯವಳು, ಹುಟ್ಟಿ ಇನ್ನೂ ವರ್ಷ ತುಂಬದವಳು, ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ತಪ್ಪಿ ಹೇಳಿದರೆಂದುಕೊಂಡೆ, ತಿದ್ದುತ್ತಾರೆಂದು ಕಾದೆ. ಅವರು ಹುಡುಗನ ಪೆನ್ನು ಓಡುವುದನ್ನೇ ನೋಡುತ್ತಿದ್ದರು. ಅವನು ಬರೆದುಕೊಂಡು ನಮಸ್ಕಾರ ಮಾಡಿ ಹೋದ. ಒಬ್ಬರೂ ಬಿಡಬಾರದು ಎಂದವರು ಒಳಗೆ ಬಂದು, ನನ್ನ ಮುಖ ನೋಡದೆ, ಕೂಸಿನ ಕಾಲಿನ ಮೇಲೆ ಸರಿದಿದ್ದ ದುಪ್ಪಟಿಯನ್ನು ಎಳೆದು ಮುಚ್ಚಿದರು. ನಾನು ಕೇಳಲಿಲ್ಲ. ಅವರು ಸಾಯುವ ತನಕವೂ ಹೇಳಲಿಲ್ಲ, ಗುಡಿಗೂ ಹೋಗಲಿಲ್ಲ.

ಹೋದ ತಿಂಗಳು ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಜೊತೆಗೆ ಬಂದದ್ದು ಆ ಮೂರನೆಯವಳೇ. ಈಗ ಅವಳ ತಲೆಯೂ ಬೆಳ್ಳಗಾಗಿದೆ. ದಾದಿ ಹೆಸರು, ವಯಸ್ಸು ಬರೆದುಕೊಂಡು, "ಮಕ್ಕಳ ಎಷ್ಟ ಅಜ್ಜಿ?" ಎಂದಳು.

"ಎರಡು," ಎಂದೆ.

ಮಗಳು ನಕ್ಕು, ದಾದಿಯ ಕಿವಿಯ ಹತ್ತಿರ ಬಾಗಿ, "ಅವ್ವಗ ಈಗೀಗ ಮರವು ಭಾಳ ಆಗೇದ್ರಿ. ಮೂರು ಬರಕೋರಿ," ಎಂದಳು.

ನಾನು ದಾದಿಯ ಕೈ ಹಿಡಿದುಕೊಂಡೆ. ಮರೆವು ಎಂದೇ ಇಬ್ಬರೂ ತಿಳಿದರು. ತಿಳಿಯಲಿ. ಅವಳು ಬರೆಯುವ ತನಕ ನಾನು ಆ ಕೈ ಬಿಡಲಿಲ್ಲ, ಎರಡು ಎಂದೇ ಬರೆಸಿದೆ.