ಕೋಡಂಗಿಗೆ ತಿಳಿಯದ ಸುದ್ದಿ

ಮಂಗಳೂರಿನ ಹೊಸ ಬಂದರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, ನಮ್ಮ ಹೊಸದುರ್ಗದ ಪೇಟೆಬೀದಿಯಷ್ಟು ಉದ್ದದ ಹಡಗೊಂದು ನಿಂತಿತ್ತು. ಮರುದಿನ ನೋಡಿದರೆ ಇಲ್ಲ. ಎಲ್ಲಿಗೆ ಹೋಯಿತೆಂದು ಕೇಳಿದೆ. ಜೊತೆಯವರು ನನ್ನ ಮುಖ ನೋಡಿ ಬೀಡಿ ಹಚ್ಚಿದರು. ನಮ್ಮೂರಲ್ಲಾದರೆ ಬಸ್ಸಿಳಿದ ಹೊಸಬ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ, ಅವನು ಯಾರ ಮನೆಯ ನೆಂಟನೆಂಬುದು ಕೇರಿಗೆಲ್ಲ ಗೊತ್ತಾಗಿರುತ್ತದೆ.

ಬಂದು ನಾಲ್ಕು ವರ್ಷವಾಯಿತು. ಸಾಲುಮನೆಯಲ್ಲಿ ಒಂದು ಕೋಣೆ. ಮುದ್ದೆ ನುಂಗಿದ ಗಂಟಲಿಗೆ ಕುಚ್ಚಲಕ್ಕಿ ಗಂಜಿ ಒಗ್ಗಲು ಒಂದು ಮಳೆಗಾಲವೇ ಬೇಕಾಯಿತು. ಪಕ್ಕದ ಮನೆಯ ಕಮಲಕ್ಕ ದಿನವೂ "ವನಸ್ ಆಂಡಾ?" ಎನ್ನುತ್ತಿದ್ದರು, ತುಳುವಿನಲ್ಲಿ ಊಟ ಆಯಿತೇ ಎಂದರ್ಥ. ನಾನು ಮೊದಲ ಸಲ ತುಳುವಿನಲ್ಲೇ ಉತ್ತರ ಕೊಟ್ಟ ದಿನ ಖುಷಿಯಾಗಿ ಒಂದು ಬಟ್ಟಲು ಮೀನುಸಾರು ತಂದಿಟ್ಟರು. ನಾನು ಮೀನು ತಿನ್ನುವವನಲ್ಲ ಎನ್ನುವಷ್ಟು ತುಳು ಇನ್ನೂ ಬರುತ್ತಿರಲಿಲ್ಲ. ತಿಂದೆ.

ಇಷ್ಟಾದರೂ ವರ್ಷಕ್ಕೊಮ್ಮೆ ಊರಿಗೆ ಓಡುತ್ತಿದ್ದುದು ಬಯಲಾಟಕ್ಕಾಗಿ. ನಮ್ಮ ಕಡೆಯ ಮೂಡಲಪಾಯದ ಆಟದಲ್ಲಿ ನಗಿಸುವ ಕೋಡಂಗಿಯ ವೇಷ ನನ್ನದು, ಅಪ್ಪನಿಂದ ಬಂದದ್ದು. ರಾಜ ರಾಣಿಯರ ಮಾತು ಪುಸ್ತಕದಲ್ಲಿ ಇರುತ್ತದೆ. ಕೋಡಂಗಿಯ ಮಾತನ್ನು ಊರಿನಿಂದಲೇ ಎತ್ತಿಕೊಳ್ಳಬೇಕು. ಆ ವರ್ಷ ಯಾರ ಎಮ್ಮೆ ಯಾರ ಹೊಲ ಮೇಯಿತು, ಯಾರು ಹೆಂಡತಿಗೆ ಹೆದರಿ ಜಗಲಿಯಲ್ಲಿ ಮಲಗಿದರು, ಎಲ್ಲವನ್ನೂ ಹೆಸರು ಹಿಡಿದು ಕೆಣಕಬೇಕು. ಊರಲ್ಲಿ ನನ್ನದೆಂದು ಉಳಿದಿದ್ದುದು ಅದೊಂದೇ. ಅದೂ ಹೋದರೆ ನಾನು ಬರೀ ನೆಂಟ.

ಕಳೆದ ವರ್ಷ ಹಡಗು ತಡವಾಗಿ ನನ್ನ ರಜೆಯೂ ತಡವಾಯಿತು. ಆಟದ ಸಂಜೆಯೇ ಬಸ್ಸಿಳಿದವನು ಯಾರನ್ನೂ ಮಾತಾಡಿಸದೆ ಬಣ್ಣ ಬಳಿದುಕೊಂಡು ಆಟದ ರಂಗದ ಅಟ್ಟ ಹತ್ತಿದೆ. ಪ್ರತಿವರ್ಷ ಮುಂದಿನ ಸಾಲಲ್ಲೇ ನಿದ್ದೆಹೋಗುವ ಅಂಗಡಿ ತಿಮ್ಮಣ್ಣ ನೆನಪಾದ.

"ಎಲ್ಲಿ ನಮ್ ತಿಮ್ಮಣ್ಣ? ಗೊರಕೆನೇ ಕೇಳ್ತಿಲ್ವಲ್ಲ! ಏಳಣ್ಣೋ, ಎಷ್ಟು ನಿದ್ದೆ ಮಾಡ್ತೀಯ!"

ಯಾರೂ ನಗಲಿಲ್ಲ. ಆಟ ನಡೆಸುವ ಭಾಗವತರು ಹತ್ತಿರ ಬಂದು, "ಲೇ, ಅವ್ನು ಹೋಗಿ ಆರು ತಿಂಗ್ಳಾತು ಕಣೋ" ಎಂದರು. ದೂರ ಇರುವವನಿಗೆ ಸಾವಿನ ಸುದ್ದಿ ಯಾಕೆಂದು ಅವ್ವ ಕಾಗದದಲ್ಲಿ ಬರೆಸಿರಲಿಲ್ಲ. ತಿಮ್ಮಣ್ಣನ ಹೆಂಡತಿ ಗಂಗಕ್ಕ ಎದುರಿಗೇ ಕೂತಿದ್ದಳು. ನಾಚಿಕೆಯಿಂದ ಸತ್ತುಹೋದೆ.

ಬೆಳಿಗ್ಗೆ ಅವಳ ಮನೆಗೆ ಹೋಗಿ ಕಾಲಿಗೆ ಬಿದ್ದೆ. "ತಪ್ಪಾತು ಅಕ್ಕ. ನಂಗೆ ಗೊತ್ತಿರ್ಲಿಲ್ಲ."

"ಏಳಪ್ಪ" ಎಂದಳು. "ಊರೋರೆಲ್ಲ ಅವ್ರನ್ನ ಮಣ್ಣು ಮಾಡಿ ಬಂದವ್ರೆ. ನಿಂಗೊಬ್ಬಂಗೆ ಅವ್ರಿನ್ನೂ ಬದುಕಿದ್ರು. ನೀನು ಕೂಗ್ದಾಗ ನಾನೂ ಪಕ್ಕಕ್ಕೆ ತಿರುಗಿ ನೋಡ್ದೆ."

ಅಲ್ಲಿಂದ ಭಾಗವತರ ಮನೆಗೆ ಹೋಗಿ ಗೆಜ್ಜೆ, ಟೋಪಿ ಅವರ ಮುಂದಿಟ್ಟೆ. "ಊರಲ್ಲೇ ಇರೋರಿಗೆ ಕೊಡ್ರಿ." ಬೇಡ ಕಣೋ, ನೀನೇ ಇಟ್ಕೋ ಎಂದಾರೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅವರು ಎತ್ತಿ ಗೂಟಕ್ಕೆ ಹಾಕಿದರು.

ಈ ವರ್ಷ ಆಟದ ದಿನ ನಾನು ಬಂದರಿನಲ್ಲೇ ಇದ್ದೆ. ಸಾಲುಮನೆಯಲ್ಲಿ ಯಾರ ಮಗಳ ಸಂಬಂಧ ಮುರಿಯಿತು, ಯಾರು ಕುಡಿದು ಬಂದು ಬಾಗಿಲು ತಪ್ಪಿ ತಟ್ಟಿದರು, ಎಲ್ಲ ಈಗ ನನಗೆ ಗೊತ್ತು. ಒಬ್ಬ ಕೋಡಂಗಿಗೆ ಬೇಕಾದಷ್ಟು ಗೊತ್ತು. ಆದರೆ ಹೆಸರು ಹಿಡಿದು ಕೂಗಿ ನಗಿಸುವ ಸಲುಗೆಯನ್ನು ಇಲ್ಲಿ ನನಗೆ ಯಾರೂ ಕೊಟ್ಟಿಲ್ಲ; ಸಲುಗೆ ಕೊಟ್ಟ ಊರಿನಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ನನಗೆ ಗೊತ್ತಿಲ್ಲ.