ಮಂಗಳವಾರ ಹೊರಟ ಗಾಡಿ

ನನ್ನ ಮಗಳು ಹಾಸಿಗೆ ಹಿಡಿದ ವರ್ಷ ನಾವು ಕಲಬುರಗಿಯಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿದ್ದೆವು. ಆಗ ನಿಜಾಮರ ಸರ್ಕಾರ. ಹುಡುಗಿಗೆ ಇನ್ನೂ ಏಳು ತುಂಬಿರಲಿಲ್ಲ. ಬೇಸಿಗೆಯಲ್ಲಿ ನನ್ನ ತವರು ಕಮಲಾಪುರಕ್ಕೆ ಹೋಗಿ, ಕೆಂಪು ಬಾಳೆಯ ತೋಟದ ತುಂಬ ಓಡಾಡಿ ಬಂದವಳು, ಮಳೆ ಹಿಡಿಯುವ ಹೊತ್ತಿಗೆ ಸೊಂಟ ನೋಯುತ್ತದೆಂದು ಮಲಗಿದಳು. ಮತ್ತೆ ಏಳಲಿಲ್ಲ. ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಹಕೀಮರು ನಾಡಿ ಹಿಡಿದು ನೋಡಿ, "ಗಾಡಿ ಮಾತ್ರ ಹತ್ತಿಸಬ್ಯಾಡ್ರಿ ಅಮ್ಮಾ. ಕುಲುಕಿದ್ರ ಕೂಸು ತಡಿಯಂಗಿಲ್ಲ" ಎಂದು ಹೇಳಿ ಹೋದರು.

ಅವಳಿಗೆ ಬೇಕಾಗಿದ್ದದ್ದು ಅದೊಂದೇ. "ಆಯಿ ಮನಿಗೆ ಹೋಗಾಮು ಅವ್ವಾ." ಆಯಿ ಅಂದರೆ ನನ್ನ ತಾಯಿ. ಆಕೆ ಸುದ್ದಿ ತಿಳಿದು ಬಂದು, ಮೊಮ್ಮಗಳ ತಲೆ ಸವರಿ, ನಾಲ್ಕು ದಿನ ಇದ್ದು ಹೋದಳು. ಆಯಿ ಬಂದರೇನು, ಆಯಿಯ ಮನೆ ಬರಲಿಲ್ಲವಲ್ಲ ಎಂದು ಹುಡುಗಿ ಮತ್ತೂ ಅತ್ತಳು.

ಒಂದು ಮಧ್ಯಾಹ್ನ ರೊಟ್ಟಿ ಬಡಿದು ಕೈ ತೊಳೆದು ಬಂದವಳು, ಬೇರೇನೂ ತೋಚದೆ ಅವಳ ಪಕ್ಕದಲ್ಲಿ ಕೂತೆ. "ಕಣ್ಣು ಮುಚ್ಚು. ಗಾಡಿ ಹೂಡ್ಯಾರ" ಎಂದೆ. ಅವಳು ಒಂದು ಕಣ್ಣಷ್ಟೇ ಮುಚ್ಚಿದಳು.

"ಬುತ್ತಿ?"

"ಕಟ್ಟೀನಿ."

"ಎಲ್ಲದ? ತೋರಿಸು."

ಎದ್ದು ಹೋಗಿ, ಎರಡು ರೊಟ್ಟಿ, ನಂಚಿಕೊಳ್ಳಲು ಒಂದಿಷ್ಟು ಶೇಂಗಾ ಹಿಂಡಿ ಬಟ್ಟೆಯಲ್ಲಿ ಕಟ್ಟಿ ತಂದಿಟ್ಟೆ. ಆಗಲೇ ಇನ್ನೊಂದು ಕಣ್ಣು ಮುಚ್ಚಿದ್ದು. ಅಂದಿನಿಂದ ದಿನಾ ಹೊರಟೆವು. ಊರ ಹೊರಗಿನ ನಾಕಾದಲ್ಲಿ ಸುಂಕದ ಜವಾನ ತಡೆಯುತ್ತಿದ್ದ. ಗಾಡಿಯಲ್ಲೇನಿದೆ ಎಂದು ಅವನಂತೆ ಉರ್ದುವಿನಲ್ಲಿ ನಾನೇ ದನಿ ದಪ್ಪ ಮಾಡಿ, "ಏ ಅಮ್ಮಾ, ಗಾಡೀ ಮೇ ಕ್ಯಾ ಹೈ?" ಅನ್ನಬೇಕು. "ಕುಛ್ ನೈ, ಬುತ್ತಿ ಹೈ!" ಎಂದು ಅವಳು ನಗಬೇಕು. ಅಲ್ಲಿಂದ ಮುಂದೆ ಎರಡೂ ಕಡೆ ಕರಿ ಎರೆಹೊಲ, ಜೋಳ, ತೊಗರಿ. ದಾರಿಯಲ್ಲಿದ್ದ ಬಾವಿಯನ್ನು ನಾನು ಹೇಳಿದೆ. ಇಲ್ಲದ ನವಿಲನ್ನು ಅವಳು ತಂದು ಕೂರಿಸಿದಳು. ಮರುದಿನ ನಾನು ನವಿಲನ್ನು ಮರೆತರೆ, "ಅದು ದಾರಿ ಕಾಯಾಕತ್ತದ, ಹಂಗೇ ಬಿಟ್ಟು ಹೊಂಟಿ?" ಎಂದು ಗಾಡಿ ನಿಲ್ಲಿಸುತ್ತಿದ್ದಳು. ಕರಿ ಮಣ್ಣು ಮುಗಿದು ಕೆಂಪು ಮಣ್ಣು ಸುರುವಾಗುವಲ್ಲಿಗೆ ಬಂದಾಗ ಅವಳಿಗೆ ನಿದ್ದೆ ಹತ್ತುತ್ತಿತ್ತು. ಕಮಲಾಪುರ ಇನ್ನೂ ಮುಂದೆ ಉಳಿಯುತ್ತಿತ್ತು. ಒಂದು ದಿನವೂ ನಾವು ಮನೆ ಮುಟ್ಟಲಿಲ್ಲ. ನೋವಿಲ್ಲದ ಅಷ್ಟು ನಿದ್ದೆ ಸಿಕ್ಕಿತಲ್ಲ ಎಂದು ನಾನು ಲಿಂಗಕ್ಕೆ ಕೈಮುಗಿಯುತ್ತಿದ್ದೆ.

ನನ್ನ ಅತ್ತೆಗೆ ಮೊದಲು ಇದು ಸೇರಲಿಲ್ಲ. "ಕೂಸಿನ ಮುಂದ ಎಷ್ಟು ಸುಳ್ಳು ಹೇಳ್ತೀಯವಾ" ಎಂದು ಗದರಿದರು. ಹಾಗೆ ಅಂದವರೇ ಬಾಗಿಲ ಹತ್ತಿರ ಹತ್ತಿ ಬಿಡಿಸುತ್ತ ಕೂತು ಕೇಳತೊಡಗಿದರು. ಒಂದು ಮಂಗಳವಾರ ನಾನು ಗಾಡಿ ಹೂಡುತ್ತಿದ್ದಂತೆ ಕೈ ಅಡ್ಡ ಹಿಡಿದರು.

"ಏ, ಇವತ್ತ ಮಂಗಳಾರ! ಹೆಣ್ಣುಮಕ್ಕಳು ಮಂಗಳಾರ ತವರಿಗೆ ಹೊಂಡ್ತಾರೇನ?"

"ಇದು ಬರೇ ಕತಿ ಅದರಿ ಅತ್ತಿ."

"ಕತಿ ಆದ್ರೇನು? ಹೊಂಟೀರೋ ಇಲ್ಲೋ?"

ಅಂದಿನಿಂದ ಮಂಗಳವಾರ ಮತ್ತು ಅಮಾವಾಸ್ಯೆ ನಮ್ಮ ಗಾಡಿಗೆ ರಜೆ. ಹುಡುಗಿ ಅಜ್ಜಿಗೆ ಮುಖ ಊದಿಸಿ ತೋರಿಸುತ್ತಿದ್ದಳು. ಅಜ್ಜಿ ಸೆರಗಿನ ತುದಿಯಿಂದ ಬೆಲ್ಲದ ಚೂರು ಬಿಚ್ಚಿ ಕೊಟ್ಟು ಒಲಿಸುತ್ತಿದ್ದರು.

ಚಳಿಗಾಲ ಬಂತು. ಅವಳ ತೋಳು ನನ್ನ ಎರಡು ಬೆರಳ ದಪ್ಪಕ್ಕೆ ಬಂತು. ಆಮೇಲೆ ಒಂದು ಮಂಗಳವಾರ ಮಧ್ಯಾಹ್ನ, ಅತ್ತೆ ಮಠಕ್ಕೆ ಹೋಗಿದ್ದರು, ಮಗಳು ನನ್ನನ್ನು ಕರೆದಳು.

"ಹೋಗಾಮೇನ ಅವ್ವಾ?"

"ನಾಳಿಗಿ ಹೋಗಾಮು ನನ ಬಂಗಾರ. ಇವತ್ತ ಮಂಗಳಾರ."

"ಹಂಗಾದ್ರ ನೀ ಇರು. ನಾ ಹೋಗಿ ಬರ್ತೀನಿ" ಎಂದು ಕಣ್ಣು ಮುಚ್ಚಿದಳು. ಬುತ್ತಿ ಕೇಳಲಿಲ್ಲ. ನಾನು ಅವಳ ಪಾದ ತಿಕ್ಕುತ್ತ ಕೂತೆ. ನಿದ್ದೆ ಹತ್ತಿತೆಂದುಕೊಂಡಿದ್ದೆ. ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಕಣ್ಣು ತೆರೆದಳು.

"ಮುಟ್ಟಿದೆ."

"ಎಲ್ಲಿಗೆ ಬಂಗಾರ?"

"ಆಯಿ ಮನಿಗೆ. ಗಾಡಿ ಬಿಟ್ಟು ನಡದೇ ಹೋದೆ."

"ಕಾಲು ನೋಯಲಿಲ್ಲೇನ?"

"ಇಲ್ಲ. ಅಂಗಳದಾಗ ಬೇವಿನ ಗಿಡ ಅದಲ್ಲ, ಅದರ ಕೆಳಗ ಕೂತೆ. ತಂಬಿಗೀಲೆ ನೀರು ಕೊಟ್ರು."

"ಯಾರು ಕೊಟ್ರು? ಆಯಿನಾ?"

"ಆಯಿ ಇರಲಿಲ್ಲ. ಬ್ಯಾರೆ ಒಬ್ಬಾಕಿ. ನಿಮ್ಮವ್ವ ಯಾಕ ಬರಲಿಲ್ಲ ಅಂದ್ಳು. ಮಂಗಳಾರ ಅದ, ಅಜ್ಜಿ ಬೈತಾಳ ಅಂದೆ."

ನಾನು ಅವಳ ಪಾದದ ಮೇಲೆ ಕೌದಿ ಎಳೆದೆ.

ಗುರುವಾರ ಬೆಳಿಗ್ಗೆ ನಾನು ಒಲೆ ಹಚ್ಚಿ ಬಂದು ಮುಟ್ಟಿದಾಗ ಅವಳು ತಣ್ಣಗಾಗಿದ್ದಳು. ಹಣೆಗೆ ವಿಭೂತಿ ಹಚ್ಚಿ ಕೂರಿಸುವಾಗ ಅತ್ತೆ ಎದೆ ಎದೆ ಬಡಿದುಕೊಂಡರು. ಅವಳು ಒಬ್ಬಳೇ ಹೋಗಿ ಬಂದ ಸಂಗತಿಯನ್ನು ನಾನು ಅವರಿಗೆ ಹೇಳಿದ್ದೆ. "ಮಂಗಳಾರ ಕಳಸಬ್ಯಾಡ ಅಂತ ಬಡಕೊಂಡೆನಲ್ಲೇ, ಯಾಕ ಬಿಟ್ಟಿ?" ಎಂದು ನೆರೆದ ಹೆಂಗಸರ ನಡುವೆ ಕೂಗಿದರು. ಓಣಿಯವರು ನನ್ನ ಮುಖ ನೋಡಿದರು. ಮುದುಕಿಗೆ ದುಃಖದಲ್ಲಿ ಬುದ್ಧಿ ನೆಟ್ಟಗಿಲ್ಲ ಎಂದುಕೊಂಡರು. ನನಗೆ ಸಿಟ್ಟು ಬರಲಿಲ್ಲ. ಉಳಿದವರೆಲ್ಲ, ಪಾಪ ಕೂಸು ಹಾಸಿಗೆಯಲ್ಲೇ ಸವೆದು ಹೋಯಿತು ಎನ್ನುತ್ತಿದ್ದರು. ನನ್ನ ಮಗಳು ನಿಜವಾಗಿಯೂ ಹೊರಟಿದ್ದಳು ಎಂದು ನಂಬಿದವರು ಅತ್ತೆಯೊಬ್ಬರೇ. ಆ ಮಾತಿಗಾಗಿ, ಅವರಿರುವ ತನಕ ಅವರ ಕಾಲು ಒತ್ತುವಾಗ ನನಗೆ ಬೇಸರವೆನಿಸಲಿಲ್ಲ.

ಕತೆ ಸುಳ್ಳೋ ನಿಜವೋ ಎಂದು ಓದಿದವರು ವಾದ ಮಾಡುವುದನ್ನು ಮುಂದೆ ಬಹಳ ಸಲ ಕೇಳಿದ್ದೇನೆ. ನಾನು ಓದು ಕಲಿತದ್ದೇ ತಡವಾಗಿ; ಅಂಥ ವಾದ ನನಗೆ ಬಾರದು. ನನಗೆ ಗೊತ್ತಿರುವುದು ಇಷ್ಟೇ: ಆ ಹಾದಿಯನ್ನು ಕೆಂಪು ಮಣ್ಣಿನ ತನಕ ನಾನು ಮಾಡಿದ್ದೆ, ಮುಂದಿನದನ್ನು ಅವಳೇ ಮಾಡಿಕೊಂಡಳು. ನಾನು ಕಣ್ಣು ಮುಚ್ಚಿ ಎಷ್ಟೋ ಸಲ ಅವಳ ಹಿಂದೆ ಹೋಗಲು ನೋಡಿದ್ದೇನೆ. ಆಗುವುದಿಲ್ಲ. ಮಣ್ಣಿನ ಬಣ್ಣ ತಿರುಗುವಲ್ಲಿಗೆ ಎತ್ತುಗಳು ನಿಂತುಬಿಡುತ್ತವೆ.

ಮರುವರ್ಷ ನಿಜದ ಗಾಡಿಯಲ್ಲಿ ಕಮಲಾಪುರಕ್ಕೆ ಹೋದೆ. ನನ್ನ ತಾಯಿ ಬಾಗಿಲಲ್ಲಿ ನನ್ನನ್ನು ಅಪ್ಪಿಕೊಂಡು ಅತ್ತಳು. ಅವಳ ಹೆಗಲ ಮೇಲಿಂದ ನಾನು ಅಂಗಳವನ್ನು ನೋಡುತ್ತಿದ್ದೆ. ನಮ್ಮ ತವರಿನ ಅಂಗಳದಲ್ಲಿ ಎಂದೂ ಬೇವಿನ ಗಿಡ ಇರಲಿಲ್ಲ. ಅಂದು ಹಾಸಿಗೆಯ ಪಕ್ಕ ಕೂತಾಗಲೂ ನನಗಿದು ಗೊತ್ತಿತ್ತು. ತಿದ್ದಲು ಬಾಯಿ ಬರಲಿಲ್ಲ. ನನ್ನ ಕೂಸು ಹೋಗಿ ಮುಟ್ಟಿದ ಮನೆ ಯಾವುದೋ, ಆ ಹೆಣ್ಣುಮಗಳು ಯಾರೋ, ಶಿವನಿಗೇ ಗೊತ್ತು. ಬಿಸಿಲಲ್ಲಿ ನಡೆದು ಬಂದ ಮಗುವನ್ನು ಯಾರೆಂದು ಕೇಳದೆ ನೆರಳಲ್ಲಿ ಕೂರಿಸಿ ನೀರು ಕೊಟ್ಟಳು. ತಾಯಿ ಎಲ್ಲಿ ಎಂದು ವಿಚಾರಿಸಿದಳು. ಅಷ್ಟಾದರೂ ಆಯಿತಲ್ಲ.